ನಲವತ್ತೊಂದು ನಿಮಿಷ

ಸ್ಟೀರಿಂಗಿನ ಕೆಳಗೆ, ಮೊಣಕಾಲು ತಾಗುವಲ್ಲಿ
ಹದಿನಾರು ತೂತಿನದೊಂದು ಬಾಯಿ.
ಹನ್ನೊಂದು ವರ್ಷ ಓಡಿಸಿದರೂ
ಈ ಕಾರಿಗೆ ಬಾಯಿದೆಯೆಂದು ಗೊತ್ತಿರಲಿಲ್ಲ.

ಹತ್ತೊಂಬತ್ತು ಡಾಲರಿನ ಕೇಬಲ್ಲು. ಹಳೇ ಲ್ಯಾಪ್‌ಟಾಪು,
ಅದರ ‘ಎನ್’ ಕೀಲಿ ಎಂದೋ ಕಿತ್ತುಹೋಗಿದೆ.
ಫ್ರೆಸ್ನೋದ ಡಿಸೆಂಬರು. ಮಾರು ದೂರವೂ ಕಾಣದ ಮಂಜು
ಗ್ಯಾರೇಜಿನ ಬಾಗಿಲ ತನಕ ಬಂದು ನಿಂತಿದೆ,
ಕರೆಯದೆ ಒಳಬರಲು ಮುಜುಗರಪಡುವ ನೆಂಟನ ಹಾಗೆ.

ಹಗಲೆಲ್ಲ ಕಂಡವರ ರಕ್ತ ತೆಗೆಯುವವಳು ನಾನು.
ಮುಷ್ಟಿ ಹಿಡಿಯಿರಿ, ಬಿಡಿ, ಇರುವೆ ಕಚ್ಚಿದಷ್ಟೇ,
ಸೀಸೆಗೆ ಚೀಟಿ ಅಂಟಿಸಿದರೆ ನನ್ನ ಕೆಲಸ ಮುಗಿಯಿತು,
ಅಂಕಿ ಓದುವವರು ಬೇರೆ.
ಇವತ್ತು ಓದುವವಳೂ ನಾನೇ. ಕೇಬಲ್ ಚುಚ್ಚಿದೆ.
ಪಾಪ, ಕಾರು ಕೈ ಹಿಂದೆಳೆದುಕೊಳ್ಳಲಿಲ್ಲ.

ನೀರಿನ ಬಿಸಿ, ಗಾಳಿಯ ತೂಕ, ಪೆಟ್ರೋಲಿನ ಒತ್ತಡ,
ಇಷ್ಟೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ಇದು
ಒಂದೇ ಒಂದು ಹಳದಿ ದೀಪ ಹಚ್ಚಿ ಸುಮ್ಮನಿತ್ತಲ್ಲ,
ಮುನಿಸಿಕೊಂಡ ಅತ್ತೆಯಂತೆ.
ಕೆಳಗೆ ಕೆಂಪಕ್ಷರ: ಪಿ ಸೊನ್ನೆ ಒಂದು ನಾಲ್ಕು ಒಂದು.
ಹಿಂದಿನ ಸೆನ್ಸರಿಗೆ ಕಾವು ತಲುಪುತ್ತಿಲ್ಲ.

ಟೋ ವಾಂಗ್ ಹೇಳಿದ್ದೂ ಇದನ್ನೇ.
“ತಂತಿ, ಗಿರಿ. ಇಲಿ ಕಡಿದಿರಬೇಕು.”
ಗಿರಿಜವ್ವ ಎಂಬುದು ಅವನ ಬಿಲ್ಲಿನ ಗೆರೆಯಲ್ಲಿ ಹಿಡಿಸುತ್ತಿರಲಿಲ್ಲ.
ಇನ್ನೂರೆಂಬತ್ತು, ಎಂದ.
ಒಂದು ತಂತಿಗೆ? ಎಂದೆ. ಹೆಂಗಸೆಂದು ಟೋಪಿ ಹಾಕುತ್ತೀಯಾ?
ಇಬ್ಬರು ಗಿರಾಕಿಗಳು ಕಾಫಿ ಹಿಡಿದು ನೋಡುತ್ತಿದ್ದರು.
ಒಂಬತ್ತು ವರ್ಷ ನನ್ನ ಎಣ್ಣೆ ಬದಲಿಸಿದ ಕೈ,
ಕೆಲಸವಿಲ್ಲದ ವರ್ಷ ಬ್ರೇಕು ಹಾಕಿಕೊಟ್ಟು
ಆಮೇಲೆ ಕೊಡು ಎಂದ ಕೈ,
ಚಿಂದಿಯಲ್ಲಿ ನಿಧಾನ ಒರೆಸಿಕೊಂಡಿತು.
“ದೀಪ ಆರಿಸಿದ್ದೇನೆ. ಮತ್ತೆ ಹತ್ತಿದರೆ ತಂತಿಯೇ.”
ಕಾಸು ಮುಟ್ಟಲಿಲ್ಲ.

ಇನ್ನೊಂದು ಗುಂಡಿ ಒತ್ತಿದೆ. ತಪ್ಪಾದ ಗಳಿಗೆಯನ್ನು
ಹೆಪ್ಪುಗಟ್ಟಿಸಿ ಇಟ್ಟಿರುತ್ತದಂತೆ ಇಂಜಿನ್ನಿನ ಮಿದುಳು.

ವೇಗ: ಸೊನ್ನೆ.
ನೀರಿನ ಬಿಸಿ: ತೊಂಬತ್ತೊಂದು.
ಹೊರಗಿನ ಗಾಳಿ: ನಾಲ್ಕು.
ಇಂಜಿನ್ ಹೊತ್ತಿ: ನಲವತ್ತೊಂದು ನಿಮಿಷ.

ಎಲ್ಲಿ ಎಂದು ಬರೆದಿಲ್ಲ. ಬರೆಯಬೇಕಾಗಿಯೂ ಇಲ್ಲ.
ಹೋದ ಗುರುವಾರ, ಬೆಲ್ಮಾಂಟ್ ರಸ್ತೆ, ಅವನ ಶಟರಿನೆದುರು
ಹೀಟರ್ ಹಾಕಿಕೊಂಡು ಕೂತಿದ್ದೆ.
ಹೇಳಬೇಕಾದ್ದಕ್ಕೆ ಇಂಗ್ಲಿಷಿನಲ್ಲಿರುವ ಪದ
ಕಾಲು ತುಳಿದವರೂ ಬಳಸುವಂಥದ್ದು,
ನನ್ನ ಭಾಷೆಯದು ಅವನಿಗೆ ತಿಳಿಯದು.
ಶಟರು ಅರ್ಧ ಏರಿತು. ಅವನ ಬೂಟು ಕಂಡವು.
ಗೇರು ಹಾಕಿ ಹೊರಟುಬಿಟ್ಟೆ.
ಯಾರೂ ನೋಡಲಿಲ್ಲ ಅಂದುಕೊಂಡಿದ್ದೆ.

ಕಾರಿನಡಿ ಅಂಗಾತ ತೂರಿದೆ. ಹೌದು, ಇಲಿಯೇ.
ಹಲ್ಲಿನ ಗುರುತು, ಹೊರಚಾಚಿದ ತಾಮ್ರದ ನಾಲಿಗೆ.
ಎರಡಂಗುಲ ಕತ್ತರಿಸಿ, ಹೊಸದು ಹೊಸೆದು, ಬೆಸೆದೆ.
ಅಳಿಸಲೇ? ವೈ ಅಥವಾ ಎನ್, ಕೇಳಿತು ಪರದೆ.
ಬೇಡವೆನ್ನಲು ನನ್ನಲ್ಲಿ ಕೀಲಿಯೇ ಇಲ್ಲ.

ದೀಪ ಆರಿತು. ಕೋಡು ಹೋಗಲಿಲ್ಲ:
ಬೇರೆ ಪುಟದಲ್ಲಿ, ‘ಶಾಶ್ವತ’ ಎಂಬ ತಲೆಬರಹದಡಿ ಕೂತಿದೆ.
ಕೇಬಲ್ಲಿನ ಅಪ್ಪಣೆಗೆ ಅದು ಜಗ್ಗದು,
ಬ್ಯಾಟರಿ ಕಳಚಿದರೂ ಮರೆಯದು.
ಕಾರು ತಾನೇ ಓಡಿ, ತಾನೇ ಪರೀಕ್ಷಿಸಿ,
ಸರಿಹೋಗಿದೆ ಎಂದು ತನಗೇ ಅನಿಸಿದ ದಿನ
ತಾನಾಗಿ ಬಿಡುತ್ತದಂತೆ.

ಭಾನುವಾರ ತಣ್ಣನೆ ಇಂಜಿನ್ ಎಬ್ಬಿಸಿ
ಕರ್ಮನ್ ತನಕ ಹೋಗಿಬಂದೆ.
ಎಲೆಯುದುರಿದ ಬಾದಾಮಿ ಗಿಡಗಳು ಸಾಲಾಗಿ ಬಂದು
ಒಂದೊಂದೇ ಮಂಜಿಗೆ ಸೇರಿಕೊಂಡವು.
ಪಕ್ಕದ ಸೀಟಿನಲ್ಲಿ ಲ್ಯಾಪ್‌ಟಾಪು: ಇನ್ನೂ ಆಗಿಲ್ಲ.

ಬೆಲ್ಮಾಂಟಿನಲ್ಲಿ ಶಟರು ಇಳಿದಿತ್ತು.
ಈ ಸಲ ಇಂಜಿನ್ ಆರಿಸಿದೆ.
ಲಕೋಟೆಯಲ್ಲಿ ಇಲಿ ಕಡಿದ ಎರಡಂಗುಲ ತಂತಿ,
ಮೇಲೆ ‘ಗಿರಿ’ ಎಂದಷ್ಟೇ.
ಶಟರಿನ ಸಂದಿಗೆ ತೂರಿಸಿದೆ. ಅರ್ಧ ಹೋಗಿ ನಿಂತಿತು.
ಬಗ್ಗಿ, ಬೆರಳಿಂದ ಇನ್ನಷ್ಟು ತಳ್ಳಿದೆ.